ಬೆಂಟ್ಸಿಲ್ ಹೇಳಿದ ಸೊಂಟದಷ್ಟು ನೀರು

ನಮ್ಮೂರ ಮೋರಿಯ ನಾತ ಎಂಥದ್ದೆಂದರೆ, ಹಿಡಿದು ತಂದ ಮೀನುಗಳೇ ಮೂಗು ಮುಚ್ಚಿಕೊಂಡು ದೋಣಿಯಿಂದ ವಾಪಸು ಕಡಲಿಗೆ ಹಾರುತ್ತಿದ್ದವು. ನಾನೇ ಎರಡನ್ನು ಬಾಲ ಹಿಡಿದು ಎಳೆದಿದ್ದೇನೆ. ಮಳೆಗಾಲದ ಉಬ್ಬರಕ್ಕಂತೂ ಊರಿನ ಕೊಳಕೆಲ್ಲ ತಿರುಗಿ ಅಂಗಳಕ್ಕೇ ಬರುತ್ತಿತ್ತು.

ಹೀಗಿರುವಾಗ ದೂರದ ಕುಮಾಸಿ ಪಟ್ಟಣದಿಂದ ಐದು ಜನ ಇಂಜಿನಿಯರುಗಳು ತಮ್ಮ ರಜೆಯಲ್ಲಿ, ಪುಕ್ಕಟೆಯಾಗಿ, ಒಳಚರಂಡಿ ಮಾಡಿಕೊಡಲು ಬಂದರು. ಅವರಿಗೆಲ್ಲ ಮುಖ್ಯಸ್ಥೆ ಸೆರ್ವಾ, ಮೂವತ್ತು ದಾಟದ ಹೆಣ್ಣು. ಬಂದ ದಿನವೇ ತೊಡೆಮಟ್ಟ ಮೋರಿಗಿಳಿದು ಆಳ ನೋಡಿದಳು. ನಾವು ಗಂಡಸರು ದಂಡೆಯ ಮೇಲೆ ನಿಂತು ಸಲಹೆ ಕೊಟ್ಟೆವು.

ಮಂಗಳವಾರ ಕಡಲಿಗೆ ರಜೆ, ಯಾರೂ ದೋಣಿ ಇಳಿಸುವುದಿಲ್ಲ. ಚಪ್ಪರದಡಿ ಬಲೆ ಹೊಲಿಯುತ್ತ ಮಾತೇ ಮಾತು. ಸೆರ್ವಾ ಪುಸ್ತಕ ಹಿಡಿದು ಅಲ್ಲಿಗೇ ಬಂದು ಒಬ್ಬ ಮುದುಕರನ್ನು ಕೇಳಿದಳು.

“ಹನ್ನೊಂದು ವರ್ಷದ ಹಿಂದಿನ ಆ ದೊಡ್ಡ ಉಬ್ಬರದಲ್ಲಿ ಇಲ್ಲಿ ನೀರು ಎಷ್ಟೆತ್ತರ ಬಂದಿತ್ತು, ಯಜಮಾನ್ರೇ?”

“ಸೊಂಟದ ತನಕ ಕಣಮ್ಮ.”

ನಲವತ್ತು ಜನರನ್ನು ಕೇಳಿದಳು. ನಲವತ್ತೂ ಜನ ಸೊಂಟವನ್ನೇ ಮುಟ್ಟಿ ತೋರಿಸಿದರು.

ಮರುವಾರ ಮುಖ ಸಣ್ಣದು ಮಾಡಿಕೊಂಡು ಬಂದಳು. ಕೊಳಕು ನೀರು ಕೂಡುವ ತೊಟ್ಟಿಯ ಬಾಯಿ ಉಬ್ಬರಕ್ಕಿಂತ ಮೇಲಿರಬೇಕು. ಸೊಂಟದಷ್ಟು ನೀರೆಂದರೆ ದೊಡ್ಡ ದಿಬ್ಬ ಕಟ್ಟಬೇಕು. ದಿಬ್ಬಕ್ಕೆ ಪಕ್ಕದ ಅರಬಾ ಅಕ್ಕನ ಅಂಗಳ ಬೇಕು. ಆ ಅಂಗಳದಲ್ಲಿದ್ದದ್ದು ಅಕ್ಕನ ತಾಯಿ ಕೈಯಾರೆ ಮಣ್ಣಲ್ಲಿ ಕಟ್ಟಿದ, ಮೀನು ಹೊಗೆಗಿಡುವ ಒಲೆ.

ಇರುವೆ ಕಚ್ಚಿದರೂ ಊರೆಲ್ಲ ಕೇಳುವಂತೆ ಬೈಯುವ ಅರಬಾ ಅಕ್ಕ ಅವತ್ತು ಮೆಲ್ಲಗೆ ಅಂದಳು: “ತೆಗೀರಿ, ಊರಿಗೆ ಒಳ್ಳೇದಾಗ್ಲಿ. ಆದ್ರೆ ನಂಗೆ ಬೇರೆ ಕಸುಬು ಬರಲ್ಲ ಮಗಳೇ.”

ತಿನ್ನುತ್ತಿದ್ದ ಮೆಕ್ಕೆಜೋಳದ ಕೆಂಕೆ ಉಂಡೆಯನ್ನು ನಾನು ಕೆಳಗಿಟ್ಟೆ. ಯಾಕೆಂದರೆ ಆ ಸೊಂಟ ನನ್ನದು. ಉಬ್ಬರದ ದಿನ ಊರೆಲ್ಲ ಗುಡ್ಡದ ಚರ್ಚಿಗೆ ಓಡಿತ್ತು, ನೀರು ಕಂಡವರು ಯಾರೂ ಇಲ್ಲ. ನಾನೊಬ್ಬನೇ ಚಪ್ಪರದ ಮೇಲೆ ಉಳಿದು ನೋಡಿದೆ ಅಂತ ಹನ್ನೊಂದು ವರ್ಷ, ಪ್ರತಿ ಮಂಗಳವಾರ ಹೇಳಿದ್ದೆ. ಕೇಳಿ ಕೇಳಿ ಅದು ಎಲ್ಲರ ನೆನಪೂ ಆಗಿಬಿಟ್ಟಿತ್ತು.

ಎದ್ದು ನಿಂತೆ. “ಒಲೆ ಮುಟ್ಬೇಡಿ. ನಾನಿಲ್ಲಿ ಇರ್ಲೇ ಇಲ್ಲ. ಎಲ್ರಿಗಿಂತ ಮೊದ್ಲೇ ಓಡಿ ಚರ್ಚಿನ ಗಂಟೆಗೋಪುರದಲ್ಲಿ ಅಡಗಿದ್ದೆ.”

ಚಪ್ಪರ ಬೀಳುವಂತೆ ನಕ್ಕರು. ಅರಬಾ ಅಕ್ಕ ಸೊಂಟಕ್ಕೆ ಕೈಯಿಟ್ಟು ಬಂದಳು. “ಹಾಗಾದ್ರೆ ನನ್ನ ಅಂಗಳಕ್ಕೆ ಬಂತು ಅಂತಿದ್ದೆಯಲ್ಲ, ಆ ಶಾರ್ಕೂ ಸುಳ್ಳೇನೋ ಬೆಂಟ್ಸಿಲ್?”

“ಅಕ್ಕಾ, ಮೊದ್ಲು ಪಾದ ಮುಳುಗೋಷ್ಟೇ ಹೇಳ್ತಿದ್ದೆ. ಕಥೆಗೆ ಶಾರ್ಕ್ ಬಂದ್ಮೇಲೆ ಅದು ಈಜ್ಬೇಡ್ವಾ?”

ಸೆರ್ವಾ ಮಾತ್ರ ನಗಲಿಲ್ಲ. ಪುಸ್ತಕದ ಆ ಹಾಳೆಗೆ ಅಡ್ಡಗೆರೆ ಎಳೆದು ಕೇಳಿದಳು: “ಅಕ್ಕಾ, ಉಬ್ಬರ ಇಳಿದ್ಮೇಲೆ ಒಲೆಗೆ ಮಣ್ಣು ಮೆತ್ತಿದ್ರಾ?”

“ವರ್ಷಾ ವರ್ಷಾ ಮೆತ್ತೀನಿ.”

ಸೆರ್ವಾ ಅಂಗಳಕ್ಕೆ ಹೋಗಿ ಬೋರಲು ಮಲಗಿ, ಮೀನು ಸೀಳುವ ಚಾಕುವಿನಿಂದ ಒಲೆಯ ಬುಡವನ್ನು ಪದರ ಪದರವಾಗಿ ಕೆರೆದಳು. ಹನ್ನೊಂದನೇ ಪದರದಡಿ ಅಂದಿನ ಉಬ್ಬರ ಬಿಟ್ಟುಹೋದ ಉಪ್ಪಿನ ಬಿಳಿ ಗೆರೆ. ನನ್ನ ಕಾಲನ್ನೇ ಎಳೆದು ಪಕ್ಕಕ್ಕಿಟ್ಟು ಅಳೆದಳು. ಹರಡಿನಷ್ಟೇ, ಪಾದದ ಗಂಟಿನ ಮಟ್ಟ!

“ಎರಡು ವರಸೆ ಕಲ್ಲು ಸಾಕು. ಒಲೆ ಇರ್ಲಿ,” ಅಂದಳು. ಅರಬಾ ಅಕ್ಕ ನನಗಾಗಿ ಕೂಡಿಟ್ಟಿದ್ದ ಬೈಗುಳವನ್ನೆಲ್ಲ ಆಗ ಒಟ್ಟಿಗೇ ಕೊಟ್ಟಳು.

ನಾಲ್ಕು ಮಂಗಳವಾರ ಇಡೀ ಊರು ಅಗೆಯಿತು, ನಾನು ಎಲ್ಲರಿಗಿಂತ ಮುಂದೆ. ಜುಲೈಯಲ್ಲಿ ದೊಡ್ಡ ಉಬ್ಬರ ಬಂದಾಗ ಯಾರೂ ಗುಡ್ಡಕ್ಕೆ ಓಡಲಿಲ್ಲ. ತೊಟ್ಟಿಯ ಮುಚ್ಚಳವನ್ನೇ ನೋಡುತ್ತ ನಿಂತೆವು. ನೀರು ನಮ್ಮ ಹರಡು ಮುಟ್ಟಿತು, ಕಲ್ಲಿನ ಎರಡನೇ ವರಸೆಯನ್ನು ನೆಕ್ಕಿತು, ಇಳಿದು ಹೋಯಿತು. ಒಂದು ತೊಟ್ಟು ಕೊಳಕೂ ಹಿಂದಕ್ಕೆ ಬರಲಿಲ್ಲ. ಅರಬಾ ಅಕ್ಕ ಒಲೆಯಿಂದ ಮೊದಲ ಮೀನು ತೆಗೆದು ಸೆರ್ವಾಳ ಬಾಯಿಗೇ ಇಟ್ಟಳು.

ಈಗ ಮಂಗಳವಾರಗಳಲ್ಲಿ ನಾನು ಸೆರ್ವಾಳ ಕಥೆ ಹೇಳುತ್ತೇನೆ. ಅವಳು ಹೆಗಲಿಗೆ ಆರಾರು ಪೈಪು ಹೊತ್ತದ್ದು, ಕಡಲು ಅವಳ ಅಪ್ಪಣೆ ಕೇಳಿ ಒಳಗೆ ಬಂದದ್ದು. ಆದರೆ ನೀರು ಎಷ್ಟೆತ್ತರ ಬಂತೆಂದು ಯಾರಾದರೂ ಕೇಳಿದರೆ ಒಲೆಯ ಬುಡದ ಬಿಳಿ ಗೆರೆ ತೋರಿಸುತ್ತೇನೆ. ಅಷ್ಟು ಜಾಗಕ್ಕೆ ಅಕ್ಕ ಮತ್ತೆ ಮಣ್ಣು ಮೆತ್ತಿಲ್ಲ.