ಕದಲದ ಅಂಕಿ

ಆಫೀಸಿನಲ್ಲಿ ಅವನಿಗೆ ನುಂಗಣ್ಣ ಎಂದೇ ಹೆಸರು. ಲಂಚ ನುಂಗುವವನಲ್ಲ ಪಾಪ. ಅವನು ಬರೆದ ಪ್ರೋಗ್ರಾಂ ಎರರ್‌ಗಳನ್ನು ನುಂಗುತ್ತಿತ್ತು, ತೇಗು ಕೂಡ ಹೊರಗೆ ಬಾರದಂತೆ. ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್ ಪೆಟ್ಟಿಗೆಗಳಿಗೆ ಅವನದೇ ಪ್ರೋಗ್ರಾಂ. ಕೂಸು ಕಾಲು ಝಾಡಿಸಿದಾಗಲೆಲ್ಲ ಮೈಶಾಖ ಅಳೆಯುವ ತಂತಿ ಒಂದು ಗಳಿಗೆ ಸಡಿಲವಾಗಿ, ಪೆಟ್ಟಿಗೆ ‘ಕುಂಯ್ಯೋ’ ಎಂದು ರಾಗ ತೆಗೆಯುತ್ತಿತ್ತು. ನರ್ಸುಗಳು ದೂರಿದರು. ತಂತಿ ಉತ್ತರ ಕೊಡದಿದ್ದರೆ ಗಲಾಟೆ ಬೇಡ, ಹಿಂದಿನ ಅಂಕಿಯನ್ನೇ ತೋರಿಸು ಎಂದು ಬರೆದು ಇವನು ಕೈತೊಳೆದುಕೊಂಡಿದ್ದ.

ಈಗ ಅಂಥದೇ ಪೆಟ್ಟಿಗೆಯೊಳಗೆ ಅವನ ಅಕ್ಕನ ಮಗಳು.

“ಎಷ್ಟು ಸೈಲೆಂಟು ನೋಡು ನಿನ್ನ ಮಿಷನ್ನು,” ವಾರ್ಡಿನ ಗಾಜಿಗೆ ಮೂಗು ಒತ್ತಿಕೊಂಡು ಭಾವ ಅಂದ. “ನಿಮ್ಮಕ್ಕನಿಗೂ ಇಂಥದೊಂದು ಪ್ರೋಗ್ರಾಂ ಹಾಕ್ಸೋ ಮಾರಾಯ.”

ನುಂಗಣ್ಣ ಪೆಟ್ಟಿಗೆಯ ಪರದೆಯನ್ನೇ ನೋಡುತ್ತಿದ್ದ. ಮೈಶಾಖ 36.4. ಭಾವ ಕಾಫಿಗೆ ಹೋಗುವ ಮುಂಚೆಯೂ ಅದೇ, ಬಂದ ಮೇಲೂ ಅದೇ. ಜೀವವಿರುವ ಮೈಯ ಅಂಕಿ ಹೀಗೆ ಕಲ್ಲಾಗಿ ಕೂರುವುದಿಲ್ಲ. ತಂತಿ ಕಳಚಿದೆ. ಹಳೆಯ ಅಂಕಿಯನ್ನು ಎಷ್ಟು ಹೊತ್ತು ತೋರಿಸಬಹುದು ಎಂಬ ಮಿತಿಯನ್ನು ಅವನು ಬರೆದೇ ಇರಲಿಲ್ಲ. ಹೀಟರಿಗೆ ಬೇಕಾದದ್ದು 37. ಇನ್ನೂ ಸಾಲದು, ಇನ್ನೂ ಸಾಲದು ಎಂದು ಅದು ಕಾಯಿಸುತ್ತಲೇ ಇದೆ.

ಬಾಗಿಲು ತಳ್ಳಿದ. “ಸಿಸ್ಟರ್, ಆ ಮಗೂನ ಸ್ವಲ್ಪ ಮುಟ್ಟಿ ನೋಡಿ.”

“ಹಸಿರು ಲೈಟ್ ಇದೆಯಲ್ರೀ. ಹೊರಗಡೆ ನಿಂತ್ಕೊಳ್ಳಿ.” ನರ್ಸ್ ಇನ್ನೊಂದು ಕೂಸಿಗೆ ಹಾಲು ಹನಿಸುತ್ತಿದ್ದಳು.

“ಅದು ಸುಳ್ಳು ಹೇಳ್ತಿದೆ.”

“ಮಿಷನ್ ಯಾಕ್ರೀ ಸುಳ್ಳು ಹೇಳುತ್ತೆ?”

“ನಾನೇ ಹೇಳಿಕೊಟ್ಟಿದ್ದು. ಅದರ ಪ್ರೋಗ್ರಾಂ ಬರೆದೋನು ನಾನೇ. ದಮ್ಮಯ್ಯ, ಮುಟ್ಟಿ ನೋಡಿ.”

ಪೆಟ್ಟಿಗೆಯ ಕಿಂಡಿಯಲ್ಲಿ ಕೈ ತೂರಿಸಿ ಕೂಸಿನ ಎದೆ ಮುಟ್ಟಿದವಳೇ ಅವಳು ಹೀಟರಿನ ಸ್ವಿಚ್ಚಿಗೆ ಕೈ ಹಾಕಿದಳು. ಮೈ ಕೆಂಪೇರಿತ್ತು, ತಂತಿಯ ತುದಿ ಕಳಚಿ ಜೋತಾಡುತ್ತಿತ್ತು. ಪೆಟ್ಟಿಗೆಯ ಬಾಗಿಲು ತೆರೆದಳು, ಡಾಕ್ಟರನ್ನು ಕೂಗಿದಳು. ಕೂಸು ಅಳಲಿಲ್ಲ. ಮೈ ಒರೆಸಿದಳು. ಆಗಲೂ ಅಳಲಿಲ್ಲ. ಡಾಕ್ಟರು ಓಡಿಬಂದು ಅಂಗಾಲು ತಟ್ಟಿದ ಮೇಲೆ ಬೆಕ್ಕಿನ ಮರಿಯಂಥ ಒಂದು ದನಿ. ಆಮೇಲೆ ಪೂರಾ ಅಳು. ಗಾಜಿನಾಚೆ ಭಾವ ಎರಡೂ ಕೈ ಮುಗಿದ.

ನುಂಗಣ್ಣ ಹೊರಗೆ ಬಂದು ಗೋಡೆಗೆ ಒರಗಿ ಆಫೀಸಿನ ಗೆಳತಿಗೆ ಫೋನ್ ಮಾಡಿದ. “ತಂತಿ ಉತ್ತರ ಕೊಡ್ಲಿಲ್ಲ ಅಂದ್ರೆ ಹೀಟರ್ ಆಫ್ ಆಗ್ಬೇಕು, ಅಲಾರಂ ಕೂಗ್ಬೇಕು. ಈಗ್ಲೇ ಬದಲಾಯ್ಸು.”

“ಎಲ್ಲ ಆಸ್ಪತ್ರೆಯವ್ರೂ ಮತ್ತೆ ಬೈತಾರೆ ಕಣೋ.”

“ಬೈಲಿ. ಅದಕ್ಕೂ ಮುಂಚೆ ಒಬ್ಬೊಬ್ರಿಗೂ ಫೋನ್ ಮಾಡು. ಸ್ಕ್ರೀನ್ ನಂಬ್ಬೇಡಿ, ಕೂಸುಗಳನ್ನ ಮುಟ್ಟಿ ನೋಡಿ ಅನ್ನು.”

ಗಾಜಿನೊಳಗೆ ನರ್ಸ್ ಆಗಲೇ ಪಕ್ಕದ ಪೆಟ್ಟಿಗೆಗೆ ಕೈ ಹಾಕಿದ್ದಳು.