ಅಂಬಿಗ ತಿರುಗಿ ನೋಡಿದ ಸಿನಿಮಾ

ನಮ್ಮ ಭಾನುವಾರದ ಕೂಟದಲ್ಲಿ ಎಲ್ಲ ದೇಶದವರೂ ಹಗರಿಬೊಮ್ಮನಹಳ್ಳಿ ಕನ್ನಡವನ್ನೇ ಮಾತಾಡುತ್ತಿದ್ದರು. ಇಟಲಿಯ ಬಡಗಿಯಿರಲಿ, ರಷ್ಯಾದ ಸಿಪಾಯಿಯಿರಲಿ, ಅವರು ಬಾಯಿ ತೆರೆದ ಕೂಡಲೇ ಟಿವಿಯ ಕೆಳಗೆ ಮೂಡುವ ಇಂಗ್ಲಿಷ್ ಸಾಲನ್ನು ಹಂಪೇಶ್ ಓದಿಕೊಂಡು, "ಬಾರಲೇ, ಚಾ ಕುಡಿಯೋಣ" ಎಂದು ಗಟ್ಟಿಯಾಗಿ ಹೇಳಿಬಿಡುತ್ತಿದ್ದ. ಹಂಪೇಶ್ ತಾಲ್ಲೂಕು ಆಫೀಸಿನ ಟೈಪಿಸ್ಟ್. ನನಗೂ ಇಂಗ್ಲಿಷ್ ಬರುತ್ತದೆ, ಪೋಸ್ಟಾಫೀಸಿನಲ್ಲಿ ನಾನೇನು ಬರೀ ಸ್ಟಾಂಪು ನೆಕ್ಕುತ್ತ ಕೂತಿಲ್ಲ. ಆದರೂ ಅವನ ಬಾಯಲ್ಲಿ ಕೇಳದಿದ್ದರೆ ಸಿನಿಮಾ ನೋಡಿದ ಹಾಗೇ ಆಗುತ್ತಿರಲಿಲ್ಲ.

ಕೂಟ ಸೇರುತ್ತಿದ್ದುದು ಪಾಲಯ್ಯಣ್ಣನ ಶೇಂಗಾ ಅಂಗಡಿಯ ಅಟ್ಟದ ಮೇಲೆ. ಟಿವಿ ಅವನದು, ವಿಸಿಡಿ ಪ್ಲೇಯರ್ ಅವನದು, ಕೂರಲು ಮೂಟೆಗಳೂ ಅವನವೇ. ಯಾರು ಸಿನಿಮಾ ಶಿಫಾರಸು ಮಾಡುತ್ತಾರೋ ಅವರೇ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ತರಬೇಕು. ಸಿನಿಮಾ ನೋಡುತ್ತ ಯಾರಾದರೂ ಗೊರಕೆ ಹೊಡೆದರೆ ಶಿಫಾರಸು ಮಾಡಿದವರು ಮುಂದಿನ ವಾರ ಬಾಯಿಗೆ ಬೀಗ ಹಾಕಿಕೊಂಡು ಕೂರಬೇಕು. ಈ ಶಿಕ್ಷೆ ನನಗೆ ಬಿದ್ದಾಗಲೆಲ್ಲ ಗೊರಕೆ ಹೊಡೆದವನು ಪಾಲಯ್ಯಣ್ಣನೇ. ಬೇಕೆಂದೇ ಹೊಡೆಯುತ್ತಿದ್ದ ಎಂಬುದು ನನ್ನ ಗುಮಾನಿ.

ಒಬ್ಬೊಬ್ಬರಿಗೆ ಒಂದೊಂದು ತಕ್ಕಡಿ. ಪಾಲಯ್ಯಣ್ಣ ನೋಡುವುದು ಊಟದ ದೃಶ್ಯ. "ತುತ್ತು ಎತ್ತೋದು ಸುಳ್ಳಾದ್ರ ಮುಂದಿಂದೆಲ್ಲಾ ಸುಳ್ಳು ನೋಡ್ರಿ" ಎನ್ನುತ್ತಿದ್ದ. ನಮ್ಮೂರ ಸ್ಟೇಷನ್ನಿಗೆ ಜನ ಹತ್ತುವ ರೈಲು ಬರುವುದು ನಿಂತು ವರ್ಷಗಳಾಗಿದ್ದವು. ಅದಕ್ಕೇ ಏನೋ, ಸಿನಿಮಾದಲ್ಲಿ ರೈಲು ಬಂದರೆ ಹಂಪೇಶನಿಗೆ ಹಬ್ಬ. ಹೆಂಗಸನ್ನು ಕಿಟಕಿಯ ಬಳಿ ಕೂರಿಸಿ ಅಳಿಸುವ ನಿರ್ದೇಶಕರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಅಂಥವರು ಎಷ್ಟೇ ದೊಡ್ಡವರಿರಲಿ, ಹಿಡಿದು ಜಾಡಿಸುತ್ತಿದ್ದೆ.

ನಮಗೆಲ್ಲ ಈ ಹುಚ್ಚು ಹಿಡಿಸಿದವರು ಅಜ್ಜಯ್ಯನವರು. ಧಾರವಾಡದಲ್ಲಿ ಓದುವಾಗ ದೇಶವಿದೇಶದ ಸಿನಿಮಾ ನೋಡಿದ್ದ ಅವರು ದನದ ಆಸ್ಪತ್ರೆಯಲ್ಲಿ ಇನ್ಸ್‌ಪೆಕ್ಟರ್ ಆಗಿದ್ದರು. ಒಂದು ದಿನ ಬೆಳಿಗ್ಗೆ ಕೆಲಸದ ಮೇಲೆ ಹರಪನಹಳ್ಳಿಗೆಂದು ಹೊರಟವರು ಅಲ್ಲೇ ಎದೆ ಹಿಡಿದುಕೊಂಡು ಕುಸಿದರು, ತಿರುಗಿ ಬರಲಿಲ್ಲ. ಅವರ ಹೆಂಡತಿ ಅನ್ನದಾನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್, ನನಗೆ ಅಕ್ಕನ ಹಾಗೆ. ಗಂಡ ಹೋದ ಮೇಲೆ ಅವರು ಅಟ್ಟ ಹತ್ತುವುದನ್ನೇ ಬಿಟ್ಟರು. ಕರೆದರೆ, "ಆ ಮೂಟಿ ನೋಡಿದ್ರ ಅವ್ರು ಕುಂತಂಗ ಆಗ್ತೈತಿ, ಬ್ಯಾಡ ಗಂಗಾ" ಎನ್ನುತ್ತಿದ್ದರು. ಒಂದು ವರ್ಷ ಕಾದು, ಮುಂದಿನ ಬೇಸಿಗೆಯಲ್ಲಿ ನಾನೇ ಜಗಳಾಡಿ ಕೈಹಿಡಿದು ಎಳೆದುಕೊಂಡು ಬಂದೆ.

ಅವತ್ತೇ ಆ ಅಂಬಿಗನ ಸಿನಿಮಾ ಬಂದಿತ್ತು. ಹಂಪೇಶನ ಷಡ್ಡಕ ಹಂಪಿಯಲ್ಲಿ ಪರದೇಶದವರಿಗೆ ಕೋಣೆ ಬಾಡಿಗೆ ಕೊಡುತ್ತಿದ್ದ. ಅವರು ಬಿಟ್ಟುಹೋದ ಡಿಸ್ಕುಗಳೆಲ್ಲ ನಮ್ಮ ಪಾಲು. ಇದಕ್ಕೆ ಡಬ್ಬಿಯಿರಲಿಲ್ಲ. ಎರಡು ಡಿಸ್ಕು, ಅವುಗಳ ಮೇಲೆ ನಮ್ಮಲ್ಲಿ ಯಾರಿಗೂ ಓದಲು ಬಾರದ ಅಕ್ಷರ. ಯಾವುದು ಮೊದಲನೆಯದು? ಹಂಪೇಶ್ ಎರಡನ್ನೂ ಬೆಳಕಿಗೆ ಹಿಡಿದು ತೀರ್ಪು ಕೊಟ್ಟ: "ಇಂಥಾ ಸಿನಿಮಾ ನೋಡಾಕ ಶುರು ಮಾಡೋರು ಭಾಳ ಮಂದಿ, ಮುಗಿಸೋರು ಕಡಿಮಿ. ಅಂದಮ್ಯಾಲೆ ಯಾವುದರ ಮ್ಯಾಲೆ ಗೀರು ಜಾಸ್ತಿ ಅದಾವೋ ಅದ ಮೊದಲನೇದು." ನಮಗೆಲ್ಲ ಅದು ಭಾರೀ ಬುದ್ಧಿವಂತಿಕೆಯಾಗಿ ಕಂಡಿತು.

ಸಿನಿಮಾ ಶುರುವಾದಾಗ ಅಂಬಿಗ ಆಗಲೇ ಹೊಳೆಪಾಲಾಗಿದ್ದ. ಅವನ ಹೆಂಡತಿ ಒಬ್ಬಳೇ ದೋಣಿ ನಡೆಸಲು ಕಲಿಯುತ್ತಾಳೆ, ಬೀಳುತ್ತಾಳೆ, ಏಳುತ್ತಾಳೆ, ಜನರನ್ನು ದಾಟಿಸುತ್ತಾಳೆ, ಒಂದು ಸಂಜೆ ದಡದಲ್ಲಿ ಕೂತು ಗಂಜಿ ಕುಡಿಯುತ್ತಾಳೆ. ಎರಡನೆಯ ಡಿಸ್ಕು ಹಾಕಿದರೆ ಆಗ ನಟರ, ನಿರ್ದೇಶಕರ ಹೆಸರುಗಳು ಬಂದವು! ಹೆಸರಾದ ಮೇಲೆ ಅವರ ಮದುವೆ, ಜಗಳ, ದೋಣಿ ಕಟ್ಟಿದ್ದು. ಕೊನೆಗೆ ಒಂದು ಬೆಳಿಗ್ಗೆ ಅಂಬಿಗ ಮನೆಯಿಂದ ಹೊರಡುತ್ತಾನೆ, ಹೊಸ್ತಿಲು ದಾಟಿ ನಿಲ್ಲುತ್ತಾನೆ, ಹೆಂಡತಿಯ ಕಡೆ ತಿರುಗುತ್ತಾನೆ, ಏನೋ ಹೇಳಲು ಬಾಯಿ ತೆರೆಯುತ್ತಾನೆ, ಅಲ್ಲಿಗೆ ಫಟ್ಟೆಂದು ಮುಗಿಯಿತು.

ನಾವು ಮಂಡಕ್ಕಿ ಮರೆತು ಕೂತಿದ್ದೆವು. ಹೆಸರನ್ನು ನಡುವೆ ತೋರಿಸುವ ಎದೆಗಾರಿಕೆಯನ್ನು ಹಂಪೇಶ್ ಬಾಯ್ತುಂಬ ಹೊಗಳಿದ. "ಸತ್ತಂವನ್ನ ಕಡೀಕೆ ಬದುಕಿಸಿ ಬಿಟ್ಟಾನಲ್ರಿ!" ಎಂದ ಪಾಲಯ್ಯಣ್ಣ. ನಾನಂತೂ, ಕಿಟಕಿಯ ಬಳಿ ಅಳುವ ಹೆಂಗಸರ ನಿರ್ದೇಶಕರೆಲ್ಲ ಬಂದು ಇವನ ಕೈಕೆಳಗೆ ಕಲಿಯಬೇಕು ಎಂದೆ. ಅನ್ನದಾನಮ್ಮ ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿದುಕೊಂಡು, "ಮುಂದಿನ ವಾರ ಯಾವುದೈತಿ?" ಎಂದಷ್ಟೇ ಕೇಳಿದರು. ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಮನೆಗೆ ಹೋಗಿ ಹೋಳಿಗೆ ಮಾಡಿದೆ.

ಆಮೇಲೆ ಅವರು ಒಂದು ವಾರವೂ ತಪ್ಪಿಸಲಿಲ್ಲ. ಅಂಬಿಗನ ಸಿನಿಮಾವನ್ನು ಸ್ಟಾಫ್ ರೂಮಿನಲ್ಲಿ ಶಿಫಾರಸು ಮಾಡಿದರು, ಹಡಗಲಿಯ ತಂಗಿಗೆ ಮಾಡಿದರು, ಕೊಟ್ಟೂರಿನ ಬಳೆ ಅಂಗಡಿಯವಳಿಗೂ ಮಾಡಿದರು. ಒಮ್ಮೆ ನನಗೊಬ್ಬಳಿಗೇ ಹೇಳಿದರು: "ಅಂವ ಏನ್ ಹೇಳಾಕ ತಿರುಗಿದ್ನೋ ಅದು ಹೇಳದಂಗ ಉಳಕೊಂಡೈತಿ ನೋಡು. ಅದಕ್ಕ ನಾನು ನಮ್ಮವ್ರ ಕಡಿಂದ ದಿನಾ ಒಂದೊಂದು ಮಾತು ಹೇಳಿಸ್ಕೋತೀನಿ. ಒಂದಿನ ಹಾಡೂ ಹೇಳಿಸೀನಿ." ಹೇಳಿ ನಕ್ಕರು. ಬದುಕಿದ್ದಾಗ ಅಜ್ಜಯ್ಯನವರು ಹಾಡಿದ್ದನ್ನು ನಾನು ಕೇಳಿಲ್ಲ.

ಇದಾಗಿ ಎರಡು ವರ್ಷಕ್ಕೆ ಪಾಲಯ್ಯಣ್ಣ ಡಿವಿಡಿ ಪ್ಲೇಯರ್ ತಂದ. ಅದೇ ಸುಮಾರಿಗೆ ಷಡ್ಡಕನ ಕೋಣೆಯಲ್ಲಿ ಅದೇ ಸಿನಿಮಾದ ಡಿವಿಡಿ ಸಿಕ್ಕಿತು, ಚಿತ್ರವಿರುವ ಡಬ್ಬಿಯ ಸಮೇತ, ಇಡೀ ಸಿನಿಮಾ ಒಂದೇ ಡಿಸ್ಕಿನಲ್ಲಿ. ಭಾನುವಾರ ಮತ್ತೆ ನೋಡೋಣವೆಂದು ಅನ್ನದಾನಮ್ಮನೇ ಶಿಫಾರಸು ಮಾಡಿದರು. ಹಿಂದಿನ ದಿನ ಡಿಸ್ಕು ಸರಿಯಿದೆಯೇ ಎಂದು ಹಾಕಿ ನೋಡುವುದು ಪಾಲಯ್ಯಣ್ಣನ ಪದ್ಧತಿ. ಶನಿವಾರ ಪೋಸ್ಟಾಫೀಸು ಮುಚ್ಚುವ ಹೊತ್ತಿಗೆ ಬಂದು, "ಗಂಗಮ್ಮಾ, ಸ್ವಲ್ಪ ಬಾ ಇಲ್ಲಿ" ಎಂದ. ಅವನ ಮುಖ ಕಂಡು ಅಂಗಡಿಗೆ ಬೆಂಕಿ ಬಿದ್ದಿದೆಯೇನೋ ಅಂದುಕೊಂಡೆ.

ಅಟ್ಟದಲ್ಲಿ ಹಂಪೇಶ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಡಿವಿಡಿಯಲ್ಲಿ ಹೆಸರು ಮೊದಲೇ ಬಂದವು. ಆಮೇಲೆ ಮದುವೆ, ಜಗಳ, ದೋಣಿ. ಗುಂಡಿ ಒತ್ತಿ ಗಡಗಡ ಓಡಿಸಿದರೆ ನಡುವೆಲ್ಲೋ ಅಂಬಿಗ ಹೊರಟುಹೋದ, ಕೊನೆಯಲ್ಲಿ ಅವಳೊಬ್ಬಳೇ ದಡದಲ್ಲಿ ಗಂಜಿ ಕುಡಿಯುತ್ತಿದ್ದಳು. ನಾವು ಹಿಂದುಮುಂದಾಗಿ ನೋಡಿದ್ದೆವು. ನಾವು ಹೊಗಳಿದ ಎದೆಗಾರಿಕೆಯೆಲ್ಲ ಡಿಸ್ಕಿನ ಮೇಲಿನ ಗೀರಿನದು. ಬೇರೆ ದಿನವಾಗಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಈಗ ಅನ್ನದಾನಮ್ಮನ ಮುಖ ಕಣ್ಮುಂದೆ ಬಂತು.

"ಡಿಸ್ಕು ಕೆಟ್ಟೈತಿ ಅಂತ ಹೇಳಿಬಿಡೂಣು" ಎಂದ ಪಾಲಯ್ಯಣ್ಣ. "ಆ ಅಂಬಿಗ ಬಾಯಿ ಮುಚ್ಚಿಕೊಂಡಿರೋದ ಚಲೋ. ಅಕ್ಕಾರು ಅದರ ಮ್ಯಾಲೆ ಜೀವ ಇಟ್ಟಾರ."

"ಆಕಿ ಕೂಸಲ್ಲ, ಸೈನ್ಸ್ ಟೀಚರ್ ಅದಾಳ" ಎಂದು ನಾನು ರೇಗಿದೆ.

"ಹಂಗಾದ್ರ ನೀನ ಹೇಳು."

ಅಷ್ಟಕ್ಕೆ ನನ್ನ ಶೌರ್ಯ ಇಳಿಯಿತು. ಎಲ್ಲ ನಿರ್ದೇಶಕರನ್ನೂ ಹಿಡಿದು ಜಾಡಿಸುವ ನನಗೆ ಆ ಒಂದು ಮಾತು ಹೇಳುವ ಧೈರ್ಯ ಬರಲಿಲ್ಲ. ಅಟ್ಟ ಬಿಟ್ಟು ಹೋಗಿದ್ದವರು ಆ ಸಿನಿಮಾದಿಂದಲೇ ಮರಳಿ ಬಂದಿದ್ದರು. ಅದು ಸುಳ್ಳೆಂದು ಗೊತ್ತಾದರೆ ಮತ್ತೆ ಬರುತ್ತಾರೆಯೇ? ಡಿಸ್ಕು ಕೆಟ್ಟಿದೆಯೆಂದೇ ಹೇಳುವುದೆಂದು ಮೂವರೂ ಒಪ್ಪಿ ಎದ್ದೆವು. ಅಂಬಿಗ ತಿರುಗಿ ಏನು ಹೇಳುತ್ತಾನೆಂದು ನಿಲ್ಲಿಸಿ ನೋಡುವ ಮನಸ್ಸು ಯಾರಿಗೂ ಇರಲಿಲ್ಲ.

ಭಾನುವಾರ ಅನ್ನದಾನಮ್ಮ ದೊಡ್ಡ ಡಬ್ಬಿಯ ತುಂಬ ಮಂಡಕ್ಕಿ ತಂದರು. ಹಂಪೇಶ್ ಟಿವಿಯ ವೈರು ಎಳೆದಾಡುತ್ತ ನಿಂತ. ಪಾಲಯ್ಯಣ್ಣ ಈ ಡಿಸ್ಕು, ಈ ಧೂಳು, ಈ ಕರೆಂಟು ಎಂದು ತೊದಲಿದ. ಸುಳ್ಳು ಹೇಳುವುದರಲ್ಲಿ ಅವನಷ್ಟು ದಡ್ಡ ವ್ಯಾಪಾರಿಯನ್ನು ನಾನು ಕಂಡಿಲ್ಲ.

"ಏನ್ರಿ, ಯಾರೂ ಮಂಡಕ್ಕಿಗೆ ಕೈ ಹಚ್ಚವಲ್ರಿ?" ಎಂದು ಅನ್ನದಾನಮ್ಮ ನನ್ನ ಮುಖ ನೋಡಿದರು. "ಗಂಗಾ, ನೀ ಸುಮ್ಮಕ ಕುಂತೀದಿ ಅಂದ್ರ ಏನೋ ಐತಿ."

ನನಗೆ ತಡೆಯಲಾಗಲಿಲ್ಲ. "ನಾವು ಆ ಸಿನಿಮಾ ಉಲ್ಟಾ ನೋಡೀವಿ ಅಕ್ಕಾ" ಎಂದೆ. ಗೀರಿನ ಕಥೆ, ಹೆಸರಿನ ಕಥೆ, ಎಲ್ಲ ಒಂದೇ ಉಸಿರಿಗೆ ಹೇಳಿದೆ. "ಅಂವ ಕಡೀಕೆ ತಿರುಗಿ ನಿಂದ್ರೋದಿಲ್ಲ. ನಡುವ ತಿರುಗಿ, ಏನೋ ಹೇಳಿ ಹೋಗ್ತಾನ. ಆಮ್ಯಾಲೆ ಆಕಿ ಒಬ್ಬಾಕಿನ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಎದ್ದು ಹೋಗಿಬಿಡುತ್ತಾರೆ ಎಂದೇ ಭಾವಿಸಿದೆ.

"ಏನ್ ಹೇಳ್ತಾನ?" ಎಂದರು.

"ಗೊತ್ತಿಲ್ಲ. ಓಡಿಸಿಕೊಂಡು ನೋಡಿದ್ವಿ."

"ಹಾಕ್ರಿ. ಮೊದಲಿಂದ ಹಾಕ್ರಿ."

ಹಾಕಿದೆವು. ಮದುವೆಯಾಯಿತು, ಜಗಳವಾಯಿತು, ದೋಣಿಗೆ ಎಣ್ಣೆ ಹಚ್ಚಿದ್ದಾಯಿತು. ಅನ್ನದಾನಮ್ಮ ನನ್ನ ಕೈ ಹಿಡಿದುಕೊಂಡಿದ್ದರು, ಬರಬರುತ್ತ ಹಿಡಿತ ಬಿಗಿಯಾಯಿತು. ಅಂಬಿಗ ಹೊರಟ. ಹೊಸ್ತಿಲು ದಾಟಿದ. ನಿಂತ. ತಿರುಗಿದ. ಬಾಯಿ ತೆರೆದ. ಈ ಸಲ ಮಾತು ಬಂತು, ಕೆಳಗೆ ಇಂಗ್ಲಿಷ್ ಸಾಲೂ ಬಂತು. ಹಂಪೇಶ್ ಓದಿಕೊಂಡು ಅನ್ನದಾನಮ್ಮನ ಮುಖ ನೋಡಿದ.

"ಹೇಳು ಹಂಪೇಶಾ" ಎಂದರು ಅನ್ನದಾನಮ್ಮ.

"ಕೋಳಿಗೂಡಿನ ಬಾಗಲಾ ಸಡ್ಲ ಆಗೈತಿ. ಹಗ್ಗ ಕಟ್ಟು ಅಂತಾನ್ರೀ."

ಅಷ್ಟೇ. ಅಂಬಿಗ ದೋಣಿಯ ಕಡೆ ನಡೆದ. ಹೆಂಡತಿ ಒಲೆ ಊದುತ್ತಿದ್ದಳು, ತಲೆಯೆತ್ತಲಿಲ್ಲ.

"ನಿಲ್ಲಿಸ್ರಿ" ಎಂದರು ಅನ್ನದಾನಮ್ಮ. ಪಾಲಯ್ಯಣ್ಣ ನಿಲ್ಲಿಸಿದ. ಅವರ ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ಬಗ್ಗಿ ನೋಡಿದರೆ ನಗುತ್ತಿದ್ದರು, ಕಣ್ಣಲ್ಲಿ ನೀರೂ ಇತ್ತು.

"ನಮ್ಮವ್ರು ಅವತ್ತು ಹಿಂಗ ತಿರುಗಿ ನಿಂತಿದ್ರು" ಎಂದರು. "ಗ್ಯಾಸ್ ಮುಗಿಯಾಕ ಬಂದೈತಿ, ಸಿಲಿಂಡರಿಗೆ ಹೇಳಿಬಿಡು ಅಂದ್ರು. ಎಲ್ಲಾದಕ್ಕೂ ನಾನ ಹೇಳಬೇಕೇನು ಅಂತ ಸಿಟ್ಟು ಬಂತು, ನಾನು ಹೂಂ ಅನಲಿಲ್ಲ. ಅಷ್ಟು ವರ್ಷ ಕೂಡಿ ಬಾಳೇವೆ ಮಾಡಿ ಕಡೀ ಮಾತು ಸಿಲಿಂಡರಿಂದು ಆತಲ್ಲ ಅಂತ ಯಾರ ಮುಂದೂ ಹೇಳಿದ್ದಿಲ್ಲ ನಾನು. ಮಂದಿ ಗಂಡಂದಿರು ಏನೇನೋ ಹೇಳಿ ಹೋಗಿರ್ತಾರ, ನಮ್ಮವ್ರಿಗೆ ಏನೂ ಇರಲಿಲ್ಲ ಅಂತ ಒಳಗೊಳಗ ಸಂಕಟ. ಅದಕ್ಕ ಬ್ಯಾರೆ ಬ್ಯಾರೆ ಮಾತು ಹೇಳಿಸ್ಕೋತಿದ್ದೆ." ಮುಖ ಒರೆಸಿಕೊಂಡು ಟಿವಿಯತ್ತ ಕೈ ತೋರಿಸಿದರು. "ನೋಡ್ರಿ ಇಲ್ಲಿ, ಇಷ್ಟು ಚಂದಾಗಿ ಸಿನಿಮಾ ಮಾಡಿದಂವಂಗೂ ಹೇಳಿಸಾಕ ಸಿಕ್ಕಿದ್ದು ಕೋಳಿಗೂಡು. ಗಂಡಸ್ರು ಮನಿಗೆ ತಿರುಗಿ ಬರ್ತೀನಿ ಅಂತ ತಿಳಕೊಂಡ ಹಿಂಗ ಮಾತಾಡ್ತಾರ."

ಪಾಲಯ್ಯಣ್ಣ ಕೆಮ್ಮಿ ಹೆಗಲ ಮೇಲಿನ ಟವೆಲಿನಿಂದ ಮೂಗು ಒರೆಸಿಕೊಂಡ. ನನಗೆ ಅಜ್ಜಯ್ಯನವರ ಮೇಲೆ ಎಂದೂ ಇಲ್ಲದ ಪ್ರೀತಿ ಉಕ್ಕಿತು.

"ಅದೊಂದು ತುಣುಕು ಇನ್ನೊಮ್ಮೆ ಹಾಕ್ರಿ" ಎಂದರು ಅನ್ನದಾನಮ್ಮ.

ಪಾಲಯ್ಯಣ್ಣ ಹಿಂದಕ್ಕೆ ಓಡಿಸಿದ. ಅಂಬಿಗ ಮತ್ತೆ ಹೊಸ್ತಿಲು ದಾಟಿದ, ನಿಂತ, ತಿರುಗಿದ, ಬಾಯಿ ತೆರೆದ. ಹಂಪೇಶ್ ಕೆಳಗಿನ ಸಾಲು ನೋಡಲೇ ಇಲ್ಲ, ಅನ್ನದಾನಮ್ಮನ ಕಡೆಗೂ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು ಹೇಳಿದ: "ಗ್ಯಾಸ್ ಮುಗಿಯಾಕ ಬಂದೈತಿ, ಸಿಲಿಂಡರಿಗೆ ಹೇಳಿಬಿಡು."

"ಹೂಂ, ಹೇಳ್ತೀನಿ" ಎಂದರು ಅನ್ನದಾನಮ್ಮ. "ಹೋಗಿ ಬರ್ರಿ."

ಪಾಲಯ್ಯಣ್ಣ ರಿಮೋಟು ಕೆಳಗಿಟ್ಟ. ಸಿನಿಮಾ ಮುಂದಕ್ಕೆ ಹೋಯಿತು.