ನಲವತ್ತೊಂದು ಸುಣ್ಣದ ಬೊಟ್ಟು

ಸರ್ಕಾರಿ ನೌಕರರಿಗೆ ಸಂಬಳ, ಅವರಲ್ಲಿ ಕೆಲವರಿಗೆ ಗಿಂಬಳ, ಮಲ್ಲಂದೂರಿನ ಕಾಫಿ ತೋಟಕ್ಕೆ ಕಾಲಿಟ್ಟವರಿಗೆ ಇಂಬಳ. ಮಳೆಗಾಲದಲ್ಲಿ ಈ ಜಿಗಣೆಗಳು ಧಣಿ ಯಾರು, ಆಳು ಯಾರು ಎಂದು ವಿಚಾರಿಸುವುದಿಲ್ಲ. ಸದ್ದಿಲ್ಲದೆ ಹತ್ತಿ, ಹೊಟ್ಟೆ ತುಂಬಾ ಉಂಡು, ಕೈ ತೊಳೆಯದೆ ಹೊರಟುಹೋಗುತ್ತವೆ. ಆಮೇಲೆ ಎರಡು ವಾರ ತುರಿಸಿಕೊಳ್ಳುವ ಕೆಲಸ ಮಾತ್ರ ನಮ್ಮದು.

ಕಲ್ಲಮ್ಮನವರ ಮನೆಯಲ್ಲಿ ಇದಕ್ಕೊಂದು ಶಿಸ್ತಿತ್ತು. ಸಂಜೆ ತೋಟದಿಂದ ಬಂದವರು ಜಗಲಿಯ ಮೇಲೆ ಸಾಲಾಗಿ ಕೂರಬೇಕು. ಕಲ್ಲಮ್ಮ ಎಲೆಅಡಿಕೆ ತಟ್ಟೆಯಿಂದ ಸುಣ್ಣದ ಡಬ್ಬಿ ತೆಗೆದು, ಮೈಮೇಲೆ ಕಪ್ಪಗೆ ಕಂಡದ್ದಕ್ಕೆಲ್ಲ ತೋರುಬೆರಳಲ್ಲಿ ಒಂದೊಂದು ಬೊಟ್ಟಿಡುತ್ತಿದ್ದರು. ಒಮ್ಮೆ ಕನ್ನಡಕ ಮರೆತು ಗಂಡನ ಬೆನ್ನಿನ ಹುಟ್ಟುಮಚ್ಚೆಗೂ ಇಟ್ಟಿದ್ದರು.

"ಮದುವೆಯಾಗಿ ಮೂವತ್ತೆರಡು ವರ್ಷ ಆಯ್ತಲ್ಲೇ, ಇನ್ನೂ ಅದರ ಪರಿಚಯ ಆಗ್ಲಿಲ್ವಾ?" ಎಂದು ಬಸವರಾಜಪ್ಪ ಕೇಳಿದ್ದರು.

ಆ ಬಸವರಾಜಪ್ಪ ಈಗ ಎಂಟು ದಿನದಿಂದ ಹಾಸಿಗೆ ಹಿಡಿದಿದ್ದರು. ಜ್ವರ ನೂರಮೂರಕ್ಕೆ ಏರಿದ್ದು ಅಲ್ಲೇ ಬಿಡಾರ ಹೂಡಿತ್ತು. ಡೆಂಗಿ ಅಲ್ಲವಂತೆ, ಮಲೇರಿಯಾ ಅಲ್ಲವಂತೆ. ಪೇಟೆಯ ಕ್ಲಿನಿಕ್ಕಿನವರು "ಟೈಫಾಯಿಡ್ ಇರಬಹುದು" ಎಂದು ಕೊಟ್ಟ ಮಾತ್ರೆ ಐದು ದಿನ ನುಂಗಿದ್ದಾಯಿತು. ಜ್ವರ ಆ ಮಾತ್ರೆಗಳ ಕಡೆ ಕತ್ತೆತ್ತಿಯೂ ನೋಡಲಿಲ್ಲ. ಆ ದಿನ ಬೆಳಿಗ್ಗೆ ಅವರ ಕಣ್ಣು ಕೆಂಪಾಗಿತ್ತು, ಉಸಿರು ಚಿಕ್ಕದಾಗಿತ್ತು. ಎಲ್ಲಕ್ಕಿಂತ ಭಯಂಕರವೆಂದರೆ, ಆರಿದ ಕಾಫಿಯನ್ನು ಬೈಯದೆ ಕುಡಿದರು. ಕಲ್ಲಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡಿದರು.

ಬಾಗಿಲಲ್ಲಿ ನಿಂತು ಸುಪ್ರಿಯಾ ಇದನ್ನೆಲ್ಲ ನೋಡುತ್ತಿದ್ದಳು. ಬಸವರಾಜಪ್ಪ ಅವಳ ದೊಡ್ಡಪ್ಪ. ಅವರ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಚಿಕ್ಕಮಗಳೂರಿಗೆ ಹೋಗಿ ಮೈಕ್ರೊಬಯಾಲಜಿ ಓದುತ್ತಿದ್ದಳು. ಓದುವುದಕ್ಕಿಂತ ಹೆಚ್ಚಾಗಿ ಪಾಠ ಹೇಳುವವರ ದನಿ ಕದಿಯುತ್ತಿದ್ದಳು. ಬಸ್ ಕಂಡಕ್ಟರನಿಂದ ಪ್ರೊಫೆಸರ್ ರೇಣುಕಪ್ರಸಾದರವರೆಗೆ ಯಾರ ಗಂಟಲೂ ಅವಳ ಕೈಯಲ್ಲಿ ಕ್ಷೇಮವಾಗಿರಲಿಲ್ಲ. ಹದಿನೆಂಟು ದಿನದ ಹಿಂದೆ ದೊಡ್ಡಪ್ಪನನ್ನು ದೇವರಮನೆ ಬೆಟ್ಟಕ್ಕೆ ಎಳೆದುಕೊಂಡು ಹೋಗಿ, "ಹುಲ್ಲಲ್ಲಿ ಮಲಗಿ ದೊಡ್ಡಪ್ಪಾ, ಮೋಡ ನೋಡ್ತಾ ಒಂದು ವಚನ ಹಾಡಿ, ವಿಡಿಯೋ ಮಾಡ್ತೀನಿ" ಎಂದವಳು ಅವಳೇ. ವಚನ ಎರಡು ನಿಮಿಷಕ್ಕೆ ಮುಗಿದಿತ್ತು; ದೊಡ್ಡಪ್ಪ ಅಲ್ಲೇ ಒಂದು ಗಂಟೆ ಗೊರಕೆ ಹೊಡೆದಿದ್ದರು. ನಿನ್ನೆ ಸಂಜೆ ಪಠ್ಯಪುಸ್ತಕ ತಿರುವುವಾಗ 'ಹುಲ್ಲು, ಪೊದೆ, ನುಸಿ, ಹತ್ತು ದಿನದ ಮೇಲೆ ಜ್ವರ' ಎಂಬ ಸಾಲು ಕಂಡದ್ದೇ ಅವಳು ಬೆರಳು ಮಡಚಿ ದಿನ ಎಣಿಸಿದ್ದಳು.

"ದೊಡ್ಡಪ್ಪಾ, ಏಳಿ. ಸರ್ಕಾರಿ ಆಸ್ಪತ್ರೆಗೆ ಹೋಗೋಣ."

"ಬೇಡ ಕೂಸೇ. ಆ ಡಾಕ್ಟ್ರಮ್ಮ ಅಂಗಿ ಬಿಚ್ಚು ಅಂತಾಳೆ."

"ಅಂಗಿ ತಾನೇ? ನೀವು ತೋಟದಲ್ಲಿ ಹಾಕ್ಕೊಳ್ಳೋದು ಯಾವಾಗ?"

ತೋಟದ ಮೇಸ್ತ್ರಿ ಶಂಕರ ಅವರನ್ನು ಅನಾಮತ್ತಾಗಿ ಎತ್ತಿ ಜೀಪಿನಲ್ಲಿ ಕೂರಿಸಿದ.

ಡಾಕ್ಟರ್ ಶಾಲಿನಿ ಊರಿಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಅಂಗಿ ಬಿಚ್ಚಿಸಿ, ಪಂಚೆ ಮಂಡಿಯ ಮೇಲಕ್ಕೆ ಸರಿಸಿ ನೋಡಿದವರು ಎರಡು ಹೆಜ್ಜೆ ಹಿಂದಕ್ಕೆ ಬಂದರು.

"ಇದೆಂತದಿದು? ಇವರ ಮೈಮೇಲೆ ಯಾರು ರಂಗೋಲಿಗೆ ಚುಕ್ಕಿ ಇಟ್ಟಿದ್ದು?"

"ನಾನೇ," ಎಂದರು ಕಲ್ಲಮ್ಮ, ತುಸು ಹೆಮ್ಮೆಯಿಂದಲೇ. "ಇಂಬಳ ಕಚ್ಚಿದ್ದಕ್ಕೆ ಸುಣ್ಣ. ಜ್ವರ ಬಂತೂಂತ ಒಂದಿನಾನೂ ತಪ್ಪಿಸಿಲ್ಲ."

ಡಾಕ್ಟರು ಹಣೆಗೆ ಕೈ ಹಚ್ಚಿಕೊಂಡರು. ಸುಪ್ರಿಯಾ ನುಸಿಯ ಮಾತೆತ್ತಿದ ಕೂಡಲೇ ಅವರ ಮುಖ ಚುರುಕಾಯಿತು. "ಸ್ಕ್ರಬ್ ಟೈಫಸ್. ನನಗೂ ಅದೇ ಅನುಮಾನ."

"ಟೈಮ್‌ಪಾಸಾ?" ಎಂದರು ಬಸವರಾಜಪ್ಪ ಕಣ್ಣು ಮುಚ್ಚಿಕೊಂಡೇ.

"ಟೈಫಸ್, ಯಜಮಾನ್ರೇ. ಆ ನುಸಿಮರಿ ಕಚ್ಚಿದ ಜಾಗದಲ್ಲಿ ಒಂದು ಕಪ್ಪು ಹೆಕ್ಕಳೆ ಇರುತ್ತೆ, ಬೀಡಿಯಲ್ಲಿ ಸುಟ್ಟ ಹಾಗೆ. ಅದು ಸಿಕ್ಕಿದ್ರೆ ಈಗಲೇ, ಇಲ್ಲೇ ಔಷಧಿ ಶುರು. ಸಿಗದಿದ್ರೆ ಇದು ಇನ್ನೇನೋ ಇರಬಹುದು, ಮಂಗಳೂರಿಗೆ ಕಳಿಸಬೇಕು. ಈ ಉಸಿರಾಟದಲ್ಲಿ ಘಾಟಿ ಇಳಿಸೋಕೆ ನನಗೆ ಧೈರ್ಯ ಇಲ್ಲ."

ಬಿಸಿನೀರು, ಹತ್ತಿ ಬಂತು. ಕಲ್ಲಮ್ಮ ತಾವಿಟ್ಟ ಬೊಟ್ಟುಗಳನ್ನು ತಾವೇ ಒರೆಸಿದರು. ಸುಣ್ಣದ ಕೆಳಗೆ ಕಂಡದ್ದು ಒಂದಲ್ಲ, ಎರಡಲ್ಲ, ನಲವತ್ತೊಂದು ಕಪ್ಪು ಹೆಕ್ಕಳೆ. ಇಂಬಳ ಕಚ್ಚಿದ್ದು ಸಾಲದು ಎಂಬಂತೆ ದಿನದಿನದ ಸುಣ್ಣ ಸುಟ್ಟು, ಎಲ್ಲವಕ್ಕೂ ಒಂದೇ ಸಮವಸ್ತ್ರ ಹೊಲಿಸಿತ್ತು. ಕಳ್ಳನನ್ನು ಹಿಡಿಯಲು ಬಂದರೆ ಊರಿಗೆ ಊರೇ ಕಳ್ಳನ ವೇಷ ಹಾಕಿಕೊಂಡು ನಿಂತಿದೆ!

"ಅಯ್ಯೋ ಶಿವನೇ, ನಾನೇ ಮುಚ್ಚಿಟ್ಟೆನಾ?" ಕಲ್ಲಮ್ಮ ಕೈಯಲ್ಲಿದ್ದ ಹತ್ತಿಯನ್ನು ಕೆಳಗಿಟ್ಟರು.

"ಇಂಬಳದ ಗಾಯ ತುರಿಸುತ್ತೆ," ಎಂದು ಡಾಕ್ಟರು ಟಾರ್ಚು ಹಿಡಿದು ಬಗ್ಗಿದರು. "ನಮಗೆ ಬೇಕಾದ ಆಸಾಮಿ ತುರಿಸೋದೂ ಇಲ್ಲ, ನೋಯೋದೂ ಇಲ್ಲ. ಒಂದೊಂದೇ ಕೇಳ್ತಾ ಹೋಗಬೇಕು. ಆದ್ರೆ ಇವರು ನಿದ್ದೆಗೆ ಜಾರ್ತಿದಾರಲ್ಲ..."

ಸುಪ್ರಿಯಾಳಿಗೆ ಅಳು ಬರುವುದರಲ್ಲಿತ್ತು. ಅಳು ಬಂದಾಗ ಅವಳಿಗೆ ಬೇರೆಯವರ ದನಿಯೂ ಬರುತ್ತಿತ್ತು. ಮೂಗು ಹಿಡಿದುಕೊಂಡಳು, ಪ್ರೊಫೆಸರ್ ರೇಣುಕಪ್ರಸಾದರು ಹಾಜರಿ ಕೂಗತೊಡಗಿದರು.

"ರೋಲ್ ನಂಬರ್ ಒಂದು! ಎಡಗಾಲು, ಹೆಬ್ಬೆರಳು! ತುರಿಸುತ್ತೇನ್ರೀ?"

ಬಸವರಾಜಪ್ಪನ ಒಂದು ಕಣ್ಣು ತೆರೆಯಿತು. "ಹೂಂ."

"ಹೂಂ ಅಲ್ಲ, ಎಸ್ ಸಾರ್ ಅನ್ನಿ! ರೋಲ್ ನಂಬರ್ ಎರಡು, ಹಿಮ್ಮಡಿ!"

"ಎಸ್ ಸಾರ್."

"ಮೂರು, ನಾಲ್ಕು, ಮೀನಖಂಡದ ಅವಳಿ ಸೋದರರು!"

"ಎರಡೂ ತುರಿಸ್ತಾವೆ ಮಾರಾಯ್ತಿ. ಸಾರ್."

ನರ್ಸುಗಳು ಬಾಗಿಲಲ್ಲಿ ಇಣುಕಿದರು. ಹದಿನೈದಕ್ಕೆ ಮಂಡಿ ದಾಟಿತು, ಇಪ್ಪತ್ತಾರಕ್ಕೆ ಬೆನ್ನು ಹತ್ತಿತು. ಇಪ್ಪತ್ತೇಳನೆಯದು ಹುಟ್ಟುಮಚ್ಚೆ, ಅದನ್ನು ಕಲ್ಲಮ್ಮನೇ ಗುರುತಿಸಿ ತರಗತಿಯಿಂದ ಆಚೆ ಕಳಿಸಿದರು. ಮೂವತ್ತು, ಮೂವತ್ತೈದು, ನಲವತ್ತು. ಎಲ್ಲ ಹಾಜರ್, ಎಲ್ಲ ತುರಿಕೆ. ಸುಪ್ರಿಯಾಳ ಮೂಗಿನ ದನಿ ತೆಳ್ಳಗಾಗತೊಡಗಿತು. ಉಳಿದದ್ದು ಒಂದೇ: ಸೊಂಟದಲ್ಲಿ, ಉಡಿದಾರ ಬಿಗಿದ ಜಾಗದಲ್ಲಿ, ಪಂಚೆಯ ಗಂಟಿನ ಕೆಳಗೆ.

"ರೋಲ್ ನಂಬರ್ ನಲವತ್ತೊಂದು!"

ಸದ್ದಿಲ್ಲ.

"ನಲವತ್ತೊಂದು! ತುರಿಸುತ್ತೇನ್ರೀ?"

"ಎಲ್ಲಿ?" ಎಂದರು ಬಸವರಾಜಪ್ಪ. "ಅಲ್ಲೇನಾದ್ರೂ ಇದೆಯಾ?"

ಡಾಕ್ಟರು ಬೆರಳಲ್ಲಿ ಒತ್ತಿದರು. "ನೋಯುತ್ತಾ?"

"ಇಲ್ಲಪ್ಪ."

"ಆಬ್ಸೆಂಟ್!" ಎಂದು ಕಿರುಚಿದ್ದು ಸುಪ್ರಿಯಾ ಅಲ್ಲ, ಡಾಕ್ಟರ್ ಶಾಲಿನಿಯೇ. ಟಾರ್ಚಿನ ಬೆಳಕಿನಲ್ಲಿ ಅದು ದುಂಡಗೆ ಕೂತಿತ್ತು: ನಡುವೆ ಕಪ್ಪು, ಸುತ್ತ ಕೆಂಪು ಅಂಚು. ಪಕ್ಕದ ತೊಡೆಸಂದಿಯಲ್ಲಿ ಒಂದು ಗಂಟು ಊದಿಕೊಂಡು ಸಾಕ್ಷಿ ಹೇಳುತ್ತಿತ್ತು. ಡಾಕ್ಟರು ರಕ್ತವನ್ನು ಪರೀಕ್ಷೆಗೆ ಕಳಿಸಿದರು, ಆದರೆ ಅದರ ಉತ್ತರಕ್ಕೆ ಕಾಯಲಿಲ್ಲ. ಅಲ್ಲೇ ವಾರ್ಡಿನಲ್ಲಿ ಮಲಗಿಸಿ, ಮೂಗಿಗೆ ಆಕ್ಸಿಜನ್ ಕೊಟ್ಟು, ಡಾಕ್ಸಿಸೈಕ್ಲಿನ್ ಶುರು ಮಾಡಿದರು.

"ಎರಡು ದಿನ ನೋಡೋಣ," ಎಂದರು. "ಇದೇ ರೋಗವಾದ್ರೆ ಅಷ್ಟರಲ್ಲಿ ಜ್ವರ ಇಳೀಬೇಕು."

ಕಲ್ಲಮ್ಮ ಸ್ಟೂಲೊಂದನ್ನು ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡರು.

ಮಾರನೆಯ ದಿನ ಮಧ್ಯಾಹ್ನ ಕಲ್ಲಮ್ಮ ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತು ಕೇಳಿದರು: "ಅಲ್ಲ ಸುಪ್ಪಿ, ಕಣ್ಣಿಗೆ ಕಾಣದ ನುಸಿ ಕಚ್ಚಿದ್ರೆ ಇಷ್ಟು ದೊಡ್ಡ ಗಂಡಸು ಮಲಗೋದುಂಟಾ?"

"ನುಸಿದು ಎಂತ ಇಲ್ಲ ದೊಡ್ಡಮ್ಮ, ಅದು ಬರೀ ಬಸ್ಸು. ಒಳಗಿದ್ದ ಪ್ಯಾಸೆಂಜರ್ ಬ್ಯಾಕ್ಟೀರಿಯಾ." ಸುಪ್ರಿಯಾ ಕಂಡಕ್ಟರಾದಳು. "ಯಾರ್ರೀ ಬಸವರಾಜಪ್ಪ ಸ್ಟಾಪು, ಇಳೀರಿ ಇಳೀರಿ! ಇಳಿದ ತಕ್ಷಣ ಮೈಯೊಳಗಿನ ಪೊಲೀಸು ಬರ್ತಾರೆ, ಬಿಳಿ ರಕ್ತಕಣ. ಲಬಕ್ ಅಂತ ನುಂಗ್ತಾರೆ. ಬೇರೆ ಕ್ರಿಮಿಯಾಗಿದ್ರೆ ಅಲ್ಲಿಗೆ ಮುಗೀತು. ಇದು ಮಾತ್ರ ಪೊಲೀಸಿನ ಹೊಟ್ಟೆಯ ಲಾಕಪ್ ಒಡೆದು, ಅವರದೇ ಜೀಪಲ್ಲಿ ಕೂತ್ಕೊಂಡು ಊರು ಸುತ್ತುತ್ತೆ!"

"ಛೀ, ನಾಚಿಕೆಗೆಟ್ಟದ್ದು."

"ಇನ್ನೂ ಕೇಳಿ. ರಕ್ತನಾಳದ ಗೋಡೆಯಲ್ಲಿ ಮನೆ ಮಾಡಿ, ಒಂದು ಹತ್ತಾಗಿ, ಹತ್ತು ನೂರಾಗಿ, ಹೊರಡುವಾಗ ಆ ಮನೆಯವರದೇ ಶಾಲು ಹೊದ್ದುಕೊಂಡು ಹೊರಡುತ್ತೆ. ನೋಡಿದೋರು ನಮ್ಮವರೇ ಇರ್ಬೇಕು ಅನ್ಕೋತಾರೆ. ಬೇರೆ ಕೆಲವು ಔಷಧಿ ಕ್ರಿಮಿಯ ಗೋಡೆ ಒಡೆಯೋಕೆ ಬಂದು ಬೀದೀಲೇ ತಿರುಗಿ ವಾಪಸ್ ಹೋಗುತ್ತೆ. ಈ ಮಾತ್ರೆ ಹಾಗಲ್ಲ. ಮನೆಯೊಳಗೇ ನುಗ್ಗಿ ಅದರ ಅಡುಗೆಮನೆಗೆ ಬೀಗ ಹಾಕುತ್ತೆ. ಬೇಯಿಸೋಕಾಗಲ್ಲ, ಬೆಳೆಯೋಕಾಗಲ್ಲ."

"ನಿನ್ನೆ ರಾತ್ರಿ ನನಗೆ ಹಾಕಿದ ಹಾಗೆ," ಎಂದು ಹಾಸಿಗೆಯಿಂದ ಕ್ಷೀಣವಾಗಿ ಬಂತು. "ಬರೀ ಗಂಜಿ."

ಸುಪ್ರಿಯಾ ನಕ್ಕಳು. ನಗು ಅರ್ಧದಲ್ಲೇ ಮುರಿಯಿತು. "ದೊಡ್ಡಪ್ಪಾ, ದೇವರಮನೆಯಲ್ಲಿ ನಿಮ್ಮನ್ನ ಹುಲ್ಲಲ್ಲಿ ಮಲಗಿಸಿದ್ದು ನಾನು."

"ಮಲಗು ಅಂದಿದ್ದು ನೀನು. ನಿದ್ದೆ ಮಾಡಿದ್ದು ನಾನಲ್ವಾ?" ಅವರು ಉಸಿರೆಳೆದುಕೊಂಡರು. "ಅಲ್ಲದೆ ನಮ್ಮ ತೋಟದಲ್ಲೇನು ಹುಲ್ಲಿಲ್ವಾ? ಆ ನುಸಿ ಊರಿನ ಹೆಸರು ಹೇಳಿ ಕಚ್ಚಿತ್ತಾ? ಸುಮ್ನಿರು."

ಆ ಸಂಜೆಯೂ ನೂರೆರಡು. ಕಲ್ಲಮ್ಮ ಊಟ ಮಾಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸುಪ್ರಿಯಾ ವಾರ್ಡಿಗೆ ಬಂದಾಗ ದೊಡ್ಡಪ್ಪನ ದಿಂಬು ಬೆವರಿನಿಂದ ಒದ್ದೆಯಾಗಿತ್ತು. ಅವರು ನಿದ್ದೆಯಲ್ಲಿದ್ದರು. ನರ್ಸು ಕಂಕುಳಿನಿಂದ ಥರ್ಮಾಮೀಟರ್ ತೆಗೆದು, "ತೊಂಬತ್ತೆಂಟು ಪಾಯಿಂಟ್ ನಾಲ್ಕು, ನಾರ್ಮಲ್" ಎಂದು ಬರೆದುಕೊಂಡಳು.

"ಎಲ್ಲಿ, ಕೊಡಮ್ಮ ಇಲ್ಲಿ," ಎಂದರು ಕಲ್ಲಮ್ಮ. "ನಿನ್ನ ಕಡ್ಡಿ ಕೆಟ್ಟಿದೆ."

ಥರ್ಮಾಮೀಟರನ್ನು ಇಸಿದುಕೊಂಡು ತಮ್ಮ ಕಂಕುಳಿಗಿಟ್ಟುಕೊಂಡರು. ತೊಂಬತ್ತೆಂಟು ಪಾಯಿಂಟ್ ಎರಡು. ನಂಬಿಕೆ ಬರಲಿಲ್ಲ. ಸುಪ್ರಿಯಾಳಿಗಿಟ್ಟರು. ತೊಂಬತ್ತೆಂಟು ಪಾಯಿಂಟ್ ಆರು. "ನಿಂದು ಅವರಿಗಿಂತ ಜಾಸ್ತಿ ಇದೆಯಲ್ಲೇ!" ಎಂದು ಗಾಬರಿಯಾದರು. ಅಷ್ಟರಲ್ಲಿ ತಿಂಡಿ ಡಬ್ಬಿ ಹಿಡಿದು ಬಂದ ಶಂಕರನನ್ನು ಗೋಡೆಗೆ ನಿಲ್ಲಿಸಿದರು.

"ನಂಗೆಂತ ಜ್ವರ ಇಲ್ಲ ಅಮ್ಮಾ!"

"ಇಲ್ಲ ಅಂತ ಗೊತ್ತಾಗೋಕೇ ಇಡೋದು. ತೋಳೆತ್ತು."

ತೊಂಬತ್ತೆಂಟು. ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ ಸಿದ್ದಬಸಪ್ಪ ತಾನಾಗಿಯೇ ತೋಳೆತ್ತಿ ಕಾಯುತ್ತಿದ್ದ. ಅವನದೂ ತೊಂಬತ್ತೆಂಟು. ನರ್ಸು ಹಿಂದೆ ಹಿಂದೆ ಓಡುತ್ತಾ, "ಅಮ್ಮಾ, ಅದನ್ನ ಒರೆಸಿಯಾದ್ರೂ ಇಡಿ!" ಎಂದು ಗೋಗರೆಯುತ್ತಿದ್ದಳು.

ಕಲ್ಲಮ್ಮ ವಾರ್ಡಿನ ನಡುವೆ ನಿಂತರು. ಕಡ್ಡಿ ಕೆಟ್ಟಿರಲಿಲ್ಲ. ಅಳುತ್ತಾರೋ ನಗುತ್ತಾರೋ ಅವರಿಗೇ ತೀರ್ಮಾನವಾಗಲಿಲ್ಲ. ಸುಪ್ರಿಯಾ ಓಡಿಹೋಗಿ ಅವರನ್ನು ತಬ್ಬಿಕೊಂಡಳು.

ಈ ಗದ್ದಲಕ್ಕೆ ಬಸವರಾಜಪ್ಪನಿಗೆ ಎಚ್ಚರವಾಯಿತು. ದಿಂಬಿನಿಂದ ತಲೆಯೆತ್ತಿ, ತೋಳೆತ್ತಿಕೊಂಡೇ ನಿಂತಿದ್ದ ಶಂಕರನನ್ನು, ಸಿದ್ದಬಸಪ್ಪನನ್ನು, ಹೆಂಡತಿಯ ಕೈಯಲ್ಲಿದ್ದ ಕಡ್ಡಿಯನ್ನು ಒಂದೊಂದಾಗಿ ನೋಡಿದರು.

"ಎಂತದೇ ಇದು?" ಎಂದರು. "ನನ್ನ ಜ್ವರ ಎಲ್ಲಿ ಹೋಯ್ತೂಂತ ಊರವರ ಕಂಕುಳಲ್ಲೆಲ್ಲ ಹುಡುಕ್ತಾ ಇದ್ದೀಯಾ?"